ಹೈಟಿ: ಬಿಡುಗಡೆಗೆ ತೆತ್ತ ದಂಡ

ಕೆರಿಬಿಯನ್ ಸಮುದ್ರದ ಫ್ರೆಂಚ್ ವಸಾಹತೊಂದರ ಕಬ್ಬು, ಕಾಫಿ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕನ್ ಗುಲಾಮರು 1791ರಲ್ಲಿ ಬಂಡೆದ್ದು, ನೆಪೋಲಿಯನ್ನನ ಸೈನ್ಯವನ್ನೂ ಸೋಲಿಸಿ, 1804ರಲ್ಲಿ ಹೈಟಿ ಎಂಬ ಸ್ವತಂತ್ರ ರಾಷ್ಟ್ರವನ್ನು ಸ್ಥಾಪಿಸಿದರು. ಆದರೆ 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೆಯ ಚಾರ್ಲ್ಸ್ ಯುದ್ಧನೌಕೆಗಳನ್ನು ಕಳುಹಿಸಿ, ತೋಟದ ಮಾಲೀಕರು ಕಳೆದುಕೊಂಡ ‘ಆಸ್ತಿ’ಗೆ 15 ಕೋಟಿ ಫ್ರಾಂಕ್ ಪರಿಹಾರ ಕೊಟ್ಟರೆ ಮಾತ್ರ ಸ್ವಾತಂತ್ರ್ಯವನ್ನು ಮಾನ್ಯ ಮಾಡುವುದಾಗಿ ಷರತ್ತು ವಿಧಿಸಿದನು. ಆ ಆಸ್ತಿಯ ಲೆಕ್ಕದಲ್ಲಿ ಬಿಡುಗಡೆ ಹೊಂದಿದ ಮನುಷ್ಯರೂ ಸೇರಿದ್ದರೆಂಬುದು ಈ ಷರತ್ತಿನ ಅತ್ಯಂತ ಹೇಯವಾದ ಅಂಶ. ಮೊದಲ ಕಂತಿಗೇ ಪ್ಯಾರಿಸ್ಸಿನಲ್ಲಿ 3 ಕೋಟಿ ಫ್ರಾಂಕ್ ಸಾಲ ಎತ್ತಬೇಕಾಗಿ ಬಂದುದರಿಂದ, ಪರಿಹಾರದ ಜೊತೆಗೆ ಸಾಲವೂ ಸೇರಿದ ಈ ಹೊರೆಯನ್ನು ಇತಿಹಾಸಕಾರರು ‘ಇಮ್ಮಡಿ ಸಾಲ’ ಎನ್ನುತ್ತಾರೆ. 1838ರಲ್ಲಿ ಬಾಕಿ ಪರಿಹಾರವನ್ನು 6 ಕೋಟಿಗೆ ಇಳಿಸಿದರೂ, ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಸಲ್ಲಬೇಕಿದ್ದ ಕಾಫಿ ಸುಂಕದ ಹಣ ದಶಕಗಳ ಕಾಲ ಅಸಲು ಬಡ್ಡಿಗಳಿಗೇ ಹೋಯಿತು. ಇದರಿಂದ ಬೆಳೆದ ಸಾಲಗಳ ಸರಣಿ ತೀರಿದ್ದು 1947ರಲ್ಲಿ.