ವರಖು: ಲೋಹಪತ್ರ ಮತ್ತು ಚರ್ಮಸ್ಪರ್ಶದ ವಿಚಾರ

ಮಿಠಾಯಿ, ಬೀಡಾ ಮೊದಲಾದ ಭಕ್ಷ್ಯಗಳ ಮೇಲೆ ಹೊದಿಸುವ ಬೆಳ್ಳಿಯ ಅಥವಾ ಚಿನ್ನದ ಅತ್ಯಂತ ತೆಳುವಾದ ಹಾಳೆಗೆ ಉತ್ತರ ಭಾರತದಲ್ಲಿ ವರಖು ಎಂಬ ಹೆಸರು ರೂಢವಾಗಿದೆ. ಇದು ಅರಬ್ಬೀ ಭಾಷೆಯ ‘ವರಕ್’ ಶಬ್ದದಿಂದ ಬಂದುದು. ಆ ಶಬ್ದಕ್ಕೆ ಮರದ ಎಲೆ, ಗ್ರಂಥದ ಹಾಳೆ ಎಂಬ ಎರಡು ಅರ್ಥಗಳೂ ಉಂಟು. ಗ್ರಂಥಗಳನ್ನು ಪ್ರತಿಮಾಡಿ ಮಾರುವವನಿಗೆ ಆ ಭಾಷೆಯಲ್ಲಿ ‘ವರ್ರಾಕ್’ ಎಂದೇ ಹೆಸರು. ಸಂಸ್ಕೃತದ ‘ಪತ್ರ’ ಶಬ್ದವೂ ಇದೇ ಹಾದಿಯಲ್ಲಿ ನಡೆದಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ತಾಳಪತ್ರವೂ ಪತ್ರವೇ, ಸುವರ್ಣಪತ್ರವೂ ಪತ್ರವೇ. ಮುಳ್ಳಿನಿಂದ ಚುಚ್ಚಿದರೆ ತೂತಾಗುವಷ್ಟು ತೆಳುವಾದ ತಗಡನ್ನು ರಸಶಾಸ್ತ್ರಜ್ಞರು ‘ಕಂಟಕವೇಧಿ ಪತ್ರ’ವೆಂದು ಕರೆದಿದ್ದಾರೆ. ಕನ್ನಡದಲ್ಲಿ ಇದಕ್ಕೆ ರೇಕು ಎಂಬ ಮಾತಿದೆ.

ಲೋಹವನ್ನು ಸೇವಿಸುವುದು ಈ ದೇಶಕ್ಕೆ ಹೊಸದಲ್ಲ. ಚರಕಸಂಹಿತೆಯ ವಿಷಚಿಕಿತ್ಸೆಯಲ್ಲಿ ಸುವರ್ಣಚೂರ್ಣಕ್ಕೆ ಸ್ಥಾನವಿದೆ; ಕಾಶ್ಯಪಸಂಹಿತೆಯಲ್ಲಿ ಶಿಶುವಿಗೆ ಚಿನ್ನವನ್ನು ತೇದು ಜೇನುತುಪ್ಪಗಳೊಡನೆ ನೆಕ್ಕಿಸುವ ವಿಧಿಯಿದೆ. ಆದರೆ ಔಷಧದ ಲೋಹ ಬೇರೆ, ಅಲಂಕಾರದ ಲೋಹ ಬೇರೆ. ಮೊದಲನೆಯದು ಶೋಧನ ಮಾರಣಗಳಿಗೆ ಒಳಗಾಗಿ ಭಸ್ಮವಾಗುತ್ತದೆ, ಇಲ್ಲವೆ ಕಲ್ಲಿನ ಮೇಲೆ ತೇಯಲ್ಪಡುತ್ತದೆ. ಭಕ್ಷ್ಯದ ಮೇಲಿನ ರೇಕಿಗೆ ರುಚಿಯೂ ಇಲ್ಲ, ಗಂಧವೂ ಇಲ್ಲ. ಅದು ಕಣ್ಣಿಗೆ ಮಾತ್ರ ಭೋಜನ.

ಪ್ರಕೃತ ವಿಚಾರಾರ್ಹವಾದುದು ಲೋಹವಲ್ಲ, ಅದರ ನಿರ್ಮಾಣಕ್ರಮ. ಜಯಪುರದ ಪನ್ನೀಗರರು ಮತ್ತು ಲಖನೌ, ವಾರಾಣಸಿ, ಹೈದರಾಬಾದು ಮೊದಲಾದ ನಗರಗಳ ಕಸುಬುದಾರರು ಪರಂಪರೆಯಿಂದ ಅನುಸರಿಸಿದ ಕ್ರಮ ಹೀಗಿದೆ. ಬೆಳ್ಳಿಯ ಸಣ್ಣ ತುಣುಕುಗಳನ್ನು ಒಂದು ಹೊತ್ತಗೆಯ ಹಾಳೆಗಳ ನಡುವೆ ಒಂದೊಂದಾಗಿ ಇಟ್ಟು, ಆ ಹೊತ್ತಗೆಯನ್ನು ತೊಗಲಿನ ಚೀಲದಲ್ಲಿ ಸೇರಿಸಿ, ಗಂಟೆಗಟ್ಟಲೆ ಸುತ್ತಿಗೆಯಿಂದ ಬಡಿಯುತ್ತಾರೆ. ಉಸಿರು ತಾಗಿದರೆ ಹಾರುವಷ್ಟು ತೆಳ್ಳಗಾದ ಮೇಲೆ ರೇಕನ್ನು ಕಾಗದಕ್ಕೆ ವರ್ಗಾಯಿಸುತ್ತಾರೆ. ಈ ಹೊತ್ತಗೆಯ ಪುಟಗಳೇ ಪಶುವಿನ ಕರುಳಿನ ಪೊರೆ ಅಥವಾ ಹದಮಾಡಿದ ಚರ್ಮ. ಬಡಿತಕ್ಕೆ ಹರಿಯದೆ, ಲೋಹಕ್ಕೆ ಅಂಟದೆ ಉಳಿಯುವ ಗುಣ ಅದಕ್ಕೆ ಇರುವುದರಿಂದಲೇ ಯೂರೋಪಿನ ಚಿನ್ನಬಡಿಯುವವರೂ ಎತ್ತಿನ ಕರುಳಿನ ಪೊರೆಯನ್ನೇ ಆಶ್ರಯಿಸಿದ್ದರು. ಎಲೆಯೆಂದೂ ಪುಟವೆಂದೂ ಹೆಸರು ಹೊತ್ತ ವಸ್ತುವು ಚರ್ಮದ ಪುಸ್ತಕವೊಂದರಿಂದ ಹೊರಬಂದಿತೆಂಬುದು ಗಮನಾರ್ಹ.

ಇಲ್ಲಿ ಒಂದು ಆಕ್ಷೇಪ ಹುಟ್ಟುತ್ತದೆ. ಚರ್ಮವನ್ನು ಯಾರೂ ತಿನ್ನುವುದಿಲ್ಲ, ತಿನ್ನುವುದು ಬೆಳ್ಳಿಯನ್ನು, ಹಾಗಿರುವಾಗ ವ್ರತಕ್ಕೆ ಬಾಧೆ ಎಲ್ಲಿ ಎಂಬುದು ಅದರ ಸಾರ. ಇದಕ್ಕೆ ಉತ್ತರವನ್ನು ಹೊಸದಾಗಿ ಕಲ್ಪಿಸಬೇಕಾಗಿಲ್ಲ. ಪಂಡಿತ ಆಶಾಧರನು ಸಾಗಾರಧರ್ಮಾಮೃತದ ಮೂರನೆಯ ಅಧ್ಯಾಯದಲ್ಲಿ ಮಾಂಸವಿರತಿಯ ಅತಿಚಾರಗಳನ್ನು ಹೇಳುವಾಗ ಚರ್ಮದ ಪಾತ್ರೆಯಲ್ಲಿಟ್ಟ ನೀರು, ಎಣ್ಣೆತುಪ್ಪಗಳನ್ನೂ ಚರ್ಮದ ಸಂಸರ್ಗಕ್ಕೆ ಬಂದ ಹಿಂಗನ್ನೂ ಹೆಸರಿಸಿದ್ದಾನೆ. ಈ ಗ್ರಂಥಕ್ಕೆ ಅವನೇ ಬರೆದ ಟೀಕೆ ವಿಕ್ರಮ ಸಂವತ್ 1296ರಲ್ಲಿ, ಎಂದರೆ ಕ್ರಿ.ಶ. 1239ರ ಸುಮಾರಿನಲ್ಲಿ, ಪೂರ್ಣಗೊಂಡಿತು. ಹಿಂಗು ಗಿಡದ ಅಂಟು. ಅದರಲ್ಲಿ ಪಶುವಿನ ಅಂಶವಿಲ್ಲ. ಆದರೂ ತೊಗಲಿನ ಸ್ಪರ್ಶಮಾತ್ರದಿಂದ ಅದು ದೋಷಯುಕ್ತವಾಯಿತು. ವರಖಿನ ಹೆಸರು ಆ ಪಟ್ಟಿಯಲ್ಲಿ ಇಲ್ಲದಿರುವುದರಿಂದ ಅದಕ್ಕೆ ವಿನಾಯಿತಿ ದೊರೆಯುವುದಿಲ್ಲ. ಹಿಂಗಿಗೆ ಅನ್ವಯಿಸಿದ ನ್ಯಾಯವೇ ಇದಕ್ಕೂ ಅನ್ವಯಿಸುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ಸೂಕ್ಷ್ಮವಿದೆ. ಆಶಾಧರನು ಇದನ್ನು ಅತಿಚಾರವೆಂದನೇ ಹೊರತು ವ್ರತಭಂಗವೆಂದು ಹೇಳಲಿಲ್ಲ. ವರಖು ಹೊದಿಸಿದ ಪೇಡೆಯನ್ನು ತಿಂದವನನ್ನು ಮಾಂಸಾಹಾರಿಯೆಂದು ಜರೆಯುವ ಕರಪತ್ರಗಳು ಈ ಭೇದವನ್ನು ಮರೆತಿವೆ.

ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಇದು ದೂರದ ವಿಷಯವಲ್ಲ. ಪಶ್ಚಿಮ ಭಾರತದ ಶ್ವೇತಾಂಬರ ಭಂಡಾರಗಳಲ್ಲಿ ಚಿನ್ನದ ಮಸಿಯಿಂದ ಬರೆದ ಕಲ್ಪಸೂತ್ರದ ಪ್ರತಿಗಳು ಪ್ರಸಿದ್ಧವಾಗಿವೆ. 1465ರಲ್ಲಿ ಜೌನಪುರದಲ್ಲಿ ಸಿದ್ಧವಾದ ಪ್ರತಿ ಅವುಗಳಲ್ಲೊಂದು. ಆ ಮಸಿಯ ತಯಾರಿಕೆಯನ್ನು ಮುನಿ ಪುಣ್ಯವಿಜಯರು ಲೇಖನಕಲೆಯನ್ನು ಕುರಿತ ತಮ್ಮ ಗುಜರಾತಿ ಪ್ರಬಂಧದಲ್ಲಿ ವಿವರಿಸಿದ್ದಾರೆ. ವರಖನ್ನು ಅಂಟಿನೊಡನೆ ಚೆನ್ನಾಗಿ ಅರೆದು, ಸಕ್ಕರೆಯ ನೀರಿನಿಂದ ಮತ್ತೆ ಮತ್ತೆ ತೊಳೆದು, ತಳದಲ್ಲಿ ನಿಂತ ಲೋಹವನ್ನು ಉಳಿಸಿಕೊಳ್ಳುವುದು ಅದರ ಕ್ರಮ. ಮಿಠಾಯಿಗೆ ಏರುವ ರೇಕೇ ಆಗಮದ ಅಕ್ಷರಕ್ಕೂ ಇಳಿಯುತ್ತದೆ. ಪ್ರಶಸ್ತಿಗಳಲ್ಲಿ ದಾನಿಯ ವಂಶ, ಗುರುಪರಂಪರೆ, ಲಿಪಿಕಾರ, ಸಂವತ್ಸರ ಇವು ದಾಖಲಾಗುತ್ತವೆ. ರೇಕು ಬಡಿದವನ ಹೆಸರಿಗೆ ಅಲ್ಲಿ ಎಡೆಯಿಲ್ಲ. ಕನ್ನಡ ನಾಡಿನ ತಾಡವೋಲೆಗಳು ಕಂಠಕ್ಕೂ ಕಾಡಿಗೆಗೂ ತೃಪ್ತವಾದುದರಿಂದ ಈ ಪ್ರಶ್ನೆ ಇಲ್ಲಿ ಅಷ್ಟಾಗಿ ಏಳಲಿಲ್ಲ. ಆದರೆ ಪದಾರ್ಥದ ಮೂಲವನ್ನು ವಿಚಾರಿಸುವ ಬುದ್ಧಿ ಇಲ್ಲಿಯೂ ಹಳೆಯದೇ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ಕಲ್ಯಾಣಕಾರಕದಲ್ಲಿ ಮದ್ಯ ಮಾಂಸ ಮಧುಗಳನ್ನು ಚಿಕಿತ್ಸೆಯಿಂದಲೇ ಹೊರಗಿಟ್ಟನು.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿ ನಿಯಮವನ್ನು ತಿದ್ದಿ, ಬೆಳ್ಳಿಯ ವರಖಿನ ತಯಾರಿಕೆಯ ಯಾವ ಹಂತದಲ್ಲಿಯೂ ಪ್ರಾಣಿಮೂಲದ ವಸ್ತುವನ್ನು ಬಳಸಕೂಡದೆಂದು ವಿಧಿಸಿತು. ಬೆಳ್ಳಿಯ ಶುದ್ಧತೆ ಸಾವಿರಕ್ಕೆ 999ಕ್ಕಿಂತ ಕಡಿಮೆಯಿರಬಾರದು, ತೂಕ ಚದರ ಮೀಟರಿಗೆ 2.8 ಗ್ರಾಮನ್ನು ಮೀರಬಾರದು ಎಂಬುದೂ ಅದರಲ್ಲಿ ಸೇರಿದೆ. ಯಂತ್ರದಿಂದಲೂ, ವಿಶೇಷ ಕಾಗದ ಮತ್ತು ಕೃತಕ ಹಾಳೆಗಳ ನಡುವೆಯೂ ರೇಕನ್ನು ತಯಾರಿಸುವ ಕ್ರಮಗಳು ಬಳಕೆಗೆ ಬಂದಿವೆ. ಆದರೆ ಈ ನಿಯಮವು ಆಹಾರಕ್ಕೆ ಸಂಬಂಧಿಸಿದುದು. ಜಿನಬಿಂಬದ ಅಂಗರಚನೆಗೆ, ಚಿತ್ರಕ್ಕೆ, ಗ್ರಂಥದ ಮಸಿಗೆ ಕೊಳ್ಳುವ ರೇಕು ಅದರ ವ್ಯಾಪ್ತಿಗೆ ಒಳಪಡುವುದಿಲ್ಲ. ಅದು ಯಾವ ಹಾಳೆಗಳ ನಡುವೆ ಬಡಿಯಲ್ಪಟ್ಟಿತೆಂಬುದನ್ನು ಕೊಳ್ಳುವ ಶ್ರಾವಕನೇ ಅಂಗಡಿಯಲ್ಲಿ ವಿಚಾರಿಸಿ ತಿಳಿಯಬೇಕಾಗಿದೆ.