ಶುಭಸಮಾಗಮ ಮಂಟಪ

ಕೊರಿಯಾ ದೇಶದ ಅರಸುಮನೆಗಳಲ್ಲಿ ಹಿರಿದಾದ ಗ್ಯೊಂಗ್‌ಬೊಕ್ ಅರಮನೆಯು ಸಿಯೋಲ್ ನಗರದ ಉತ್ತರಭಾಗದಲ್ಲಿ, ಬುಗಾಕ್ ಪರ್ವತದ ಅಡಿಯಲ್ಲಿ ಇರುತ್ತದೆ. ಅದರ ಸಿಂಹಾಸನಶಾಲೆಯನ್ನು ನೋಡಿ ವಾಯವ್ಯಕ್ಕೆ ಸ್ವಲ್ಪ ದೂರ ನಡೆದರೆ ಚೌಕವಾದ ದೊಡ್ಡ ಕೊಳವೂ, ಆ ನೀರಿನಿಂದ ಮೇಲೆದ್ದ ಕಲ್ಲಿನ ಜಗತಿಯ ಮೇಲೆ ಎರಡು ನೆಲೆಯ ವಿಶಾಲವಾದ ಮಂಟಪವೂ ಕಣ್ಣಿಗೆ ಬೀಳುತ್ತವೆ. ಕೆಳಗೆ ಗೋಡೆಯಿಲ್ಲ, ಬಾಗಿಲಿಲ್ಲ. 48 ಕಲ್ಲುಕಂಬಗಳು ಮಾತ್ರ. ಮೇಲೆ ಮರದ ಉಪ್ಪರಿಗೆ. ಅದರ ಮೇಲೆ ತುದಿ ಬಾಗಿದ ಭಾರಿಯಾದ ಹೆಂಚಿನ ಮಾಡು. ಇದರ ಹೆಸರು ಗ್ಯೊಂಗ್‌ಹ್ವೇರು. ಗ್ಯೊಂಗ್ ಎಂದರೆ ಶುಭ, ಹರ್ಷ. ಹ್ವೇ ಎಂದರೆ ಕೂಡುವಿಕೆ. ರು ಎಂದರೆ ಉಪ್ಪರಿಗೆ ಮಂಟಪ. ನಮ್ಮ ಮಾತಿನಲ್ಲಿ ಶುಭಸಮಾಗಮ ಮಂಟಪವೆನ್ನಬಹುದು.

ಕಳೆದ ವರ್ಷ ಆ ನಗರಕ್ಕೆ ಹೋಗುವ ಯೋಗವೊದಗಿ, ಈ ಮಂಟಪವನ್ನು ಒಳಹೊಕ್ಕು ನೋಡಿ ಬಂದೆನು. ಹೆಸರು ಕೇಳಿದೊಡನೆ ಇದು ಔತಣಗಳಿಗಾಗಿ ಕಟ್ಟಿದ ವಿಲಾಸಗೃಹವೆಂದು ಯಾರಿಗಾದರೂ ತೋರುವುದು ಸಹಜ. ವಿದೇಶದ ದೂತರಿಗೆ ಇಲ್ಲಿ ಔತಣಗಳು ನಡೆದುವೆಂಬುದೂ ನಿಜವೇ. ಆದರೆ ಹೆಸರಿಟ್ಟವನ ಅಭಿಪ್ರಾಯವೇ ಬೇರೆ. ಆ ಅಭಿಪ್ರಾಯವನ್ನು ಕೈಯಲ್ಲಿ ಹಿಡಿದುಕೊಂಡು ಈ ಮಂಟಪದ ಚರಿತ್ರೆಯನ್ನು ನೋಡಿದರೆ, ಅದು ತನ್ನ ದೊರೆಗಳನ್ನು ತಾನೇ ಪರೀಕ್ಷಿಸಿದಂತೆ ಕಾಣುತ್ತದೆ.

ಜೊಸೊನ್ ರಾಜವಂಶವು ಸ್ಥಾಪಿತವಾದುದು 1392ರಲ್ಲಿ. ಮೂಲಪುರುಷನಾದ ತೇಜೋ ದೊರೆ 1395ರಲ್ಲಿ ಈ ಅರಮನೆಯನ್ನು ಕಟ್ಟಿಸಿದನು. ಅರಮನೆಗೂ ಅದರ ಮುಖ್ಯಶಾಲೆಗಳಿಗೂ ಹೆಸರಿಟ್ಟವನು ಜೊಂಗ್ ದೋಜೊನ್ ಎಂಬ ಪಂಡಿತಮಂತ್ರಿ. ಮೂರೇ ವರ್ಷಗಳ ಮೇಲೆ, 1398ರಲ್ಲಿ, ಉತ್ತರಾಧಿಕಾರದ ಕಲಹದಲ್ಲಿ ತೇಜೋವಿನ ಮಗನೊಬ್ಬನು ಆ ಪಂಡಿತನನ್ನೂ ತನ್ನ ಮಲತಮ್ಮಂದಿರಿಬ್ಬರನ್ನೂ ಕೊಲ್ಲಿಸಿ ಅಧಿಕಾರಕ್ಕೆ ಹಾದಿ ಮಾಡಿಕೊಂಡನು. ಅವನೇ ಮುಂದೆ ತೇಜೊಂಗ್ ದೊರೆಯಾದವನು. ಈ ಮಂಟಪವನ್ನು ಕಟ್ಟಿಸಿದವನೂ ಅವನೇ. ಜೌಗು ನೆಲದಲ್ಲಿದ್ದ ಹಿಂದಿನ ಸಣ್ಣ ಮಂಟಪವು ಓಲಿಕೊಂಡಿದ್ದುದರಿಂದ 1412ರಲ್ಲಿ ಅದನ್ನು ತೆಗೆಸಿ, ಕೊಳವನ್ನು ಅಗೆಸಿ, ಹೊಸತನ್ನು ಎತ್ತಿಸಿದನು. ಕೆಲಸ ನಡೆಯಿಸಿದವನು ಪಾಕ್ ಜಾಚೊಂಗ್. ಸಾಮಾನ್ಯ ಕುಲದಲ್ಲಿ ಹುಟ್ಟಿ ಕಟ್ಟಡದ ಕೌಶಲದಿಂದಲೇ ಮೇಲೇರಿದವನು.

ಹೆಸರನ್ನು ನಿರ್ಧರಿಸಿದ ಮೇಲೆ ದೊರೆಯು ಮಂತ್ರಿಯಾದ ಹಾ ರ್ಯುನನಿಂದ ಅದರ ವಿವರಣೆಯನ್ನು ಬರೆಯಿಸಿದನು. ಅರಸನೂ ಅಮಾತ್ಯನೂ ಎಲ್ಲಿಯೋ ಒಂದೆಡೆ ಕೂಡಿದ ಮಾತ್ರಕ್ಕೆ ಅದು ಶುಭಸಮಾಗಮವಾಗದು; ಗುಣವು ಗುಣವನ್ನು ಸಂಧಿಸಿದಾಗ ಮಾತ್ರವೇ ಆ ಹೆಸರು ಸಲ್ಲುತ್ತದೆ ಎಂಬುದು ಅವನ ತಾತ್ಪರ್ಯ. ಓಲಿದ ಮನೆಯನ್ನು ನೆಟ್ಟಗೆ ನಿಲ್ಲಿಸುವುದಕ್ಕೂ ರಾಜ್ಯವನ್ನಾಳುವುದಕ್ಕೂ ಅವನು ಹೋಲಿಕೆಯನ್ನು ಹೇಳಿದ್ದಾನೆ. ಮಾತು ಉತ್ತಮವಾದುದು. ಆಡಿದವನೂ ಆಡಿಸಿದವನೂ 1398ರ ರಕ್ತಪಾತದಲ್ಲಿ ಒಂದೇ ಪಕ್ಷದವರಾಗಿದ್ದರೆಂಬುದನ್ನು ನೆನೆದರೆ, ಅದರಲ್ಲಿ ಪಶ್ಚಾತ್ತಾಪವಿತ್ತೋ ಜಾಣತನವಿತ್ತೋ ಎಂದು ಸಂಶಯ ಹುಟ್ಟದಿರದು. ಹೆಸರಿನ ಹಲಗೆಯನ್ನು ಬರೆದವನು ತೇಜೊಂಗನ ಹಿರಿಯ ಮಗ, ಯುವರಾಜ ಯಾಂಗ್‌ನ್ಯೊಂಗ್. ಇವನ ಹೆಸರನ್ನು ವಾಚಕರು ಸ್ವಲ್ಪ ನೆನಪಿನಲ್ಲಿಡಬೇಕು. ದುರ್ನಡತೆಯ ಕಾರಣ 1418ರಲ್ಲಿ ಇವನು ಯುವರಾಜಪದವಿಯನ್ನು ಕಳೆದುಕೊಂಡನು. ಎರಡನೆಯ ತಮ್ಮನು ಪಟ್ಟವೇರಿದನು. ಕೊರಿಯನ್ನರು ಇಂದಿಗೂ ಪೂಜ್ಯಭಾವದಿಂದ ನೆನೆಯುವ ಸೇಜೊಂಗ್ ಮಹಾರಾಜನು ಈತನೇ.

ಸೇಜೊಂಗನು ಈ ಕೊಳದ ದಕ್ಷಿಣಕ್ಕೆ, ಕೂಗಳತೆಯಲ್ಲಿ, ವಿದ್ವನ್ಮಂದಿರವೊಂದನ್ನು ನಡೆಯಿಸುತ್ತಿದ್ದನು. ತರುಣ ಪಂಡಿತರನ್ನು ಆರಿಸಿ ತಂದು, ಗ್ರಂಥಗಳನ್ನು ಕೊಟ್ಟು, ಓದುವುದನ್ನೇ ಅವರಿಗೆ ಉದ್ಯೋಗವಾಗಿ ಮಾಡಿದನು. ಕೊರಿಯನ್ ಭಾಷೆಗೆ ಅವನು 1443ರಲ್ಲಿ ರಚಿಸಿದ ಅಕ್ಷರಮಾಲೆಗೆ 1446ರಲ್ಲಿ ವ್ಯಾಖ್ಯಾನವನ್ನು ಬರೆದವರು ಇಲ್ಲಿಯ ವಿದ್ವಾಂಸರೇ. ಧ್ವನಿಗಳನ್ನು ಉಚ್ಚಾರಣಸ್ಥಾನಕ್ಕನುಸಾರವಾಗಿ ವಿಂಗಡಿಸಿ, ನಾಲಗೆ ತುಟಿ ಗಂಟಲುಗಳ ಆಕಾರದಿಂದ ಅಕ್ಷರಗಳ ಆಕಾರವನ್ನು ಪಡೆದಿರುವ ಆ ಕ್ರಮವನ್ನು ಕಂಡರೆ, ಶಿಕ್ಷಾಶಾಸ್ತ್ರವನ್ನು ಓದಿದವರಿಗೆ ಎಲ್ಲಿಯೋ ನಂಟರನ್ನು ಕಂಡಂತಾಗುತ್ತದೆ. ವ್ಯಾಖ್ಯಾನಕಾರರಲ್ಲಿ ಮೂವರ ಹೆಸರು ನಮ್ಮ ಕಥೆಗೆ ಬೇಕಾದುದು: ಸೊಂಗ್ ಸಾಮ್‌ಮುನ್, ಪಾಕ್ ಪೆಂಗ್‌ನ್ಯೊನ್, ಶಿನ್ ಸುಕ್‌ಜು.

ಅದಕ್ಕೆ ಮೊದಲು ಮಂಟಪದ ಒಂದು ಐತಿಹ್ಯವನ್ನು ಹೇಳಬೇಕು. ಗು ಜೊಂಗ್‌ಜಿಕ್ ಎಂಬವನು 1444ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಗ್ರಂಥಗಳ ಕಚೇರಿಯಲ್ಲಿ ಕೆಳದರ್ಜೆಯ ನೌಕರನಾಗಿದ್ದನು. ಒಂದು ರಾತ್ರಿ ಅರಮನೆಯಲ್ಲಿ ಸರದಿಯಿದ್ದಾಗ, ಹೆಸರನ್ನು ಮಾತ್ರ ಕೇಳಿದ್ದ ಮಂಟಪವನ್ನು ನೋಡಲೇಬೇಕೆಂಬ ಆಸೆಯಿಂದ ಅಪ್ಪಣೆಯಿಲ್ಲದೆ ಕೊಳದ ಬಳಿಗೆ ಹೋದನಂತೆ. ಅದೇ ಹೊತ್ತಿಗೆ ದೊರೆಯೂ ಅಡ್ಡಾಡುತ್ತ ಅಲ್ಲಿಗೆ ಬಂದನು. ಕಥೆಯನ್ನು ಹೇಳುವವರು ಹೆಚ್ಚಾಗಿ ಆ ದೊರೆ ಸೇಜೊಂಗನೆಂದೇ ಹೇಳುವರು. ತಪ್ಪಿತಸ್ಥನು ನೆಲಕ್ಕೆ ಬಿದ್ದು ಇದ್ದುದನ್ನು ಇದ್ದಂತೆ ಅರಿಕೆ ಮಾಡಿಕೊಂಡನು. ದೊರೆಯು ಗದರಿಸಲಿಲ್ಲ. ಹಾಡಲು ಬರುವುದೋ ಎಂದು ಕೇಳಿ ಹಾಡಿಸಿದನು. ಅನಂತರ ಶಾಸ್ತ್ರಗ್ರಂಥವೇನಾದರೂ ಕಂಠಸ್ಥವಾಗಿದೆಯೋ ಎಂದು ಕೇಳಿದನು. ಕಾನ್‌ಫ್ಯೂಷಿಯಸನ ಹೆಸರಿನಲ್ಲಿ ಪ್ರಸಿದ್ಧವಾದ ‘ವಸಂತ ಶರತ್’ ಎಂಬ ವೃತ್ತಾಂತಗ್ರಂಥವನ್ನು ಅವನು ತಡೆಯಿಲ್ಲದೆ ಒಪ್ಪಿಸಿದನು. ಮರುದಿನ ಅವನಿಗೆ ಹಲವು ಮೆಟ್ಟಿಲುಗಳನ್ನು ಹಾರಿಸಿದ ಬಡತಿ ದೊರೆಯಿತು. ಅಧಿಕಾರಿಗಳು ಆಕ್ಷೇಪಿಸಿದಾಗ ದೊರೆಯು ಅದೇ ಗ್ರಂಥವನ್ನು ಅವರೊಬ್ಬೊಬ್ಬರಿಂದಲೂ ಹೇಳಿಸಿ ನೋಡಿದನಂತೆ, ಯಾರಿಗೂ ಬರಲಿಲ್ಲ. ಕಂಠಪಾಠವನ್ನು ಗಿಳಿಪಾಠವೆಂದು ಹಳಿಯುವ ಈ ಕಾಲದಲ್ಲಿ, ಪಾಠಶಾಲೆಯಲ್ಲಿ ಬೆಳೆದ ನನ್ನಂಥವನಿಗೆ ಈ ಐತಿಹ್ಯವು ವಿಶೇಷವಾಗಿ ಪ್ರಿಯವಾದರೆ ವಾಚಕರು ಕ್ಷಮಿಸಬೇಕು. ಅಕ್ಷರಶಃ ನಡೆಯಿತೋ ಇಲ್ಲವೋ, ಹಾ ರ್ಯುನನು ಬರೆದ ಅರ್ಥದಲ್ಲಿ ಸಮಾಗಮವೆಂದರೆ ಇಂಥದೇ.

ಸೇಜೊಂಗನು 1450ರಲ್ಲಿ ತೀರಿಕೊಂಡನು. ಅವನ ಹಿರಿಯ ಮಗ ಎರಡೇ ವರ್ಷ ಆಳಿ ಮಡಿಯಲು, ಮೊಮ್ಮಗ ದಾನ್‌ಜೊಂಗನು 1452ರಲ್ಲಿ ಪಟ್ಟಕ್ಕೆ ಬಂದನು. ಹುಟ್ಟಿದುದು 1441ರಲ್ಲಿ, ಇನ್ನೂ ಬಾಲಕ. ಚಿಕ್ಕಪ್ಪನಾದ ಸುಯಾಂಗನು 1453ರಲ್ಲಿ ಹಿರಿಯ ಮಂತ್ರಿಗಳನ್ನು ಕೊಲ್ಲಿಸಿ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡನು. 1455ರ ಬೇಸಗೆಯಲ್ಲಿ ಬಾಲದೊರೆಯು ಈ ಮಂಟಪಕ್ಕೆ ಬಂದು ಚಿಕ್ಕಪ್ಪನನ್ನು ಕರೆಯಿಸಿ ರಾಜಮುದ್ರೆಯನ್ನು ಒಪ್ಪಿಸಿದನು. ಮುದ್ರೆಯನ್ನು ತಂದುಕೊಡುವ ಕರ್ತವ್ಯವು ಅಂದು ರಾಜಕಾರ್ಯದರ್ಶಿಯಾಗಿದ್ದ ಸೊಂಗ್ ಸಾಮ್‌ಮುನನ ಪಾಲಿಗೆ ಬಂದಿತ್ತು. ಅವನು ಅದನ್ನು ಅಪ್ಪಿಕೊಂಡು ಗಟ್ಟಿಯಾಗಿ ಅತ್ತನೆಂದೂ, ಬೇಡವೆಂಬಂತೆ ತಲೆಬಾಗಿದ್ದ ಸುಯಾಂಗನು ಆ ಧ್ವನಿಗೆ ತಲೆಯೆತ್ತಿ ದಿಟ್ಟಿಸಿದನೆಂದೂ ಹೇಳುತ್ತಾರೆ. ಪಾಕ್ ಪೆಂಗ್‌ನ್ಯೊನನು ಅವಮಾನವನ್ನು ತಾಳಲಾರದೆ ಈ ಕೊಳಕ್ಕೆ ಹಾರಲು ಹೋದನು. ಸೊಂಗನು ಅವನನ್ನು ಹಿಡಿದು ನಿಲ್ಲಿಸಿ, ದೊರೆಯಿನ್ನೂ ಜೀವಂತನಾಗಿರುವನು, ನಾವು ಬದುಕಿದ್ದರೆ ಏನನ್ನಾದರೂ ಮಾಡಬಹುದು, ಸಾಯುವುದಕ್ಕೆ ಆಮೇಲೆಯೂ ಕಾಲವಿದೆ ಎಂದು ಸಮಾಧಾನ ಹೇಳಿದನೆಂಬುದು ಸಂಪ್ರದಾಯ.

ಆ ಕಾಲವು ಒಂದೇ ವರ್ಷದಲ್ಲಿ ಬಂದಿತು. ಸುಯಾಂಗನು ಸೇಜೋ ಎಂಬ ಹೆಸರಿನಿಂದ ಆಳುತ್ತಿದ್ದನು. (ತಂದೆ ಸೇಜೊಂಗ್, ಮಗ ಸೇಜೋ, ವಾಚಕರು ಬೆರಸಬಾರದು.) ಚೀಣದ ದೂತರಿಗಾಗಿ 1456ರಲ್ಲಿ ಬೇರೊಂದು ಅರಮನೆಯಲ್ಲಿ ನಡೆಯಬೇಕಾಗಿದ್ದ ಔತಣದಲ್ಲಿ ಅವನನ್ನು ಕೊಂದು ದಾನ್‌ಜೊಂಗನನ್ನು ಪಟ್ಟಕ್ಕೆ ತರಬೇಕೆಂದು ಈ ಪಂಡಿತರು ಹೂಡಿದ ಸಂಚು ಒಳಗಿನವನೊಬ್ಬನಿಂದಲೇ ಬಯಲಾಯಿತು. ವಿಚಾರಣೆಯಲ್ಲಿ ಸೊಂಗನು ಸೇಜೋವನ್ನು ಪ್ರಭುವೆಂದು ಕರೆಯಲಿಲ್ಲ. ದೊರೆಯಲ್ಲದ ಮಾನ್ಯರಿಗೆ ಸಲ್ಲುವ ಮಾತಿನಿಂದ ಸಂಬೋಧಿಸಿದನು. ನನ್ನ ಸಂಬಳವನ್ನು ತಿಂದವನಲ್ಲವೇ ಎಂದು ಕೇಳಿದರೆ, ತಿಂದಿಲ್ಲವೆಂದನು. ಮನೆಯನ್ನು ಶೋಧಿಸಿದಾಗ ಸೇಜೋವಿನ ಕಾಲದಲ್ಲಿ ಬಂದ ಸಂಬಳದ ಅಕ್ಕಿಯು ಮುಟ್ಟದೆ ಹಾಗೆಯೇ ಇದ್ದಿತೆಂದು ನಾಮ್ ಹ್ಯೊಒನ್ ಎಂಬ ಲೇಖಕನು ಮುಂದೆ ಬರೆದ ಆರು ಮಂತ್ರಿಗಳ ಚರಿತ್ರೆಯಿಂದ ತಿಳಿಯುತ್ತದೆ. ಸೊಂಗನು ವಧೆಗೊಂಡಾಗ ಅವನ ವಯಸ್ಸು 38. ಪಾಕನು ಸೆರೆಯಲ್ಲಿಯೇ ಸತ್ತನು. ಅದೇ ವರ್ಷ ಸೇಜೋ ವಿದ್ವನ್ಮಂದಿರವನ್ನು ಮುಚ್ಚಿಸಿದನು.

ಮರುವರ್ಷ ದಾನ್‌ಜೊಂಗನು ಗಡಿಪಾರಾಗಿ ಯೊಂಗ್‌ವೊಲಿನಲ್ಲಿ ಪ್ರಾಣ ಕಳೆದುಕೊಂಡನು. ಅವನಿಗೆ ಶಿಕ್ಷೆಯಾಗಬೇಕೆಂದು ರಾಜವಂಶದ ಹಿರಿಯನ ಸ್ಥಾನದಲ್ಲಿ ನಿಂತು ಕೇಳಿದವರಲ್ಲಿ ಮುಖ್ಯನು ಯಾರು? ತಾರುಣ್ಯದಲ್ಲಿ ‘ಶುಭಸಮಾಗಮ’ವೆಂದು ಹಲಗೆಯ ಮೇಲೆ ಬರೆದ ಅದೇ ಯಾಂಗ್‌ನ್ಯೊಂಗ್. ಮೂವರು ವ್ಯಾಖ್ಯಾನಕಾರರಲ್ಲಿ ಉಳಿದ ಶಿನ್ ಸುಕ್‌ಜು ಸೇಜೋವಿನ ಪಕ್ಷವನ್ನು ಹಿಡಿದು ಮುಖ್ಯಮಂತ್ರಿಯ ಪದವಿಯವರೆಗೂ ಏರಿದನು. ಅವನು ಸಮರ್ಥನಾದ ರಾಜಕಾರಣಿ, ಜಪಾನಿನ ವಿಷಯವಾಗಿ ಅಮೂಲ್ಯವಾದ ಗ್ರಂಥವನ್ನು ಬರೆದವನು. ಆದರೂ ಬೇಗ ಹಳಸುವ ಹೆಸರುಕಾಳಿನ ಮೊಳಕೆಗೆ ಕೊರಿಯಾದ ಜನರು ‘ಸುಕ್‌ಜು’ ಎಂದು ಹೆಸರಿಟ್ಟುಕೊಂಡಿದ್ದಾರೆ. ಅದು ಇವನ ಹೆಸರೇ ಎಂದು ಹೇಳುತ್ತಾರೆ. ಅಡುಗೆಮನೆಯ ತೀರ್ಪಿಗೆ ಮೇಲ್ಮನವಿಯಿಲ್ಲ. ಹತರಾದ ಆರು ಮಂತ್ರಿಗಳಿಗೆ ರಾಜಮರ್ಯಾದೆ ಮರಳಿದುದು 1691ರಲ್ಲಿ, ದಾನ್‌ಜೊಂಗನಿಗೆ 1698ರಲ್ಲಿ.

ಅನಂತರದ ದೊರೆಗಳ ಕಾಲವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಸೊಂಗ್‌ಜೊಂಗನು ಮಂಟಪವನ್ನು ಜೀರ್ಣೋದ್ಧಾರ ಮಾಡಿಸಿ ಕಲ್ಲುಕಂಬಗಳಲ್ಲಿ ನಾಗಗಳನ್ನು ಕೆತ್ತಿಸಿದನು. ಅವು ಕೊಳದ ನೀರಿನಲ್ಲಿ ಆಡುವಂತೆ ಕಾಣುವುದನ್ನು ನೋಡಿ ರ್ಯುಕ್ಯು ದ್ವೀಪಗಳ ರಾಯಭಾರಿಯು ಬೆರಗಾದನಂತೆ. ಅವನ ಮಗ ಯೊನ್‌ಸಾನನು ಕೊಳದ ಪಶ್ಚಿಮಕ್ಕೆ ಕೃತಕ ಗುಡ್ಡವನ್ನೆಬ್ಬಿಸಿ, ಪಟ್ಟೆಯ ಹೂಗಳಿಂದ ಸಿಂಗರಿಸಿ, ದೋಣಿಗಳಲ್ಲಿ ನರ್ತಕಿಯರೊಡನೆ ವಿಹರಿಸುತ್ತಿದ್ದನು. ಆ ನರ್ತಕಿಯರ ಬಿರುದು ‘ಹುಂಗ್‌ಚೊಂಗ್’. ಕೈಗೆ ಬಂದುದನ್ನು ಮನಸ್ಸಿಗೆ ಬಂದಂತೆ ಚೆಲ್ಲುವುದಕ್ಕೆ ಕೊರಿಯನ್ನರು ಇಂದಿಗೂ ಹೇಳುವ ‘ಹುಂಗ್‌ಚೊಂಗ್ ಮಾಂಗ್‌ಚೊಂಗ್’ ಎಂಬ ನುಡಿಗಟ್ಟು ಅದರಿಂದ ಬಂದಿತೆನ್ನುತ್ತಾರೆ. 1506ರಲ್ಲಿ ಅವನನ್ನು ಪಟ್ಟದಿಂದಿಳಿಸಿದರು. 1592ರಲ್ಲಿ ಜಪಾನೀಯರು ದಂಡೆತ್ತಿ ಬಂದಾಗ ಅರಮನೆಯೆಲ್ಲವೂ ಸುಟ್ಟುಹೋಯಿತು. ಮುಂದೆ ಇನ್ನೂರೆಪ್ಪತ್ತು ವರ್ಷಗಳಿಗೂ ಮಿಕ್ಕಿ ಇಲ್ಲಿ ಉಳಿದುದು ಕೊಳವೂ ಬೋಳು ಕಂಬಗಳೂ ಮಾತ್ರ.

ಈಗ ನಾವು ನೋಡುವುದು 1867ರಲ್ಲಿ ಮುಗಿದ ಕಟ್ಟಡ. ಬಾಲದೊರೆ ಗೊಜೊಂಗನ ತಂದೆಯಾದ ದೇವೊನ್‌ಗುನನು ರಾಜ್ಯಭಾರವನ್ನು ವಹಿಸಿ, 1865ರಲ್ಲಿ ಅರಮನೆಯ ಪುನರ್ನಿರ್ಮಾಣಕ್ಕೆ ಕೈಹಾಕಿದನು. ಬೊಕ್ಕಸ ಸಾಲದೆ ‘ವೊನ್‌ನಾಪ್‌ಜೊನ್’, ಎಂದರೆ ಇಚ್ಛೆಯಿಂದ ಸಲ್ಲಿಸಿದ ಹಣ, ಎಂಬ ಕಾಣಿಕೆಯನ್ನೆತ್ತಿದನು. ‘ವೊನ್’ ಎಂಬ ಅದೇ ಉಚ್ಚಾರಣೆಗೆ ಬೇರೊಂದು ಚೀಣೀ ಅಕ್ಷರವನ್ನು ಬರೆದರೆ ‘ಶಪಿಸುತ್ತ ಸಲ್ಲಿಸಿದ ಹಣ’ವೆಂದಾಗುತ್ತದೆ, ಜನರು ಹಾಗೆಯೇ ಓದಿದರು. ಇಂಥ ಶ್ಲೇಷೆಯನ್ನು ಯಾವ ಆಲಂಕಾರಿಕನೂ ಹೇಳಿಕೊಡಬೇಕಾಗಿಲ್ಲ. ಇದೂ ಸಾಲದೆ 1866ರಲ್ಲಿ ನೂರರ ಬೆಲೆಯ ನಾಣ್ಯವನ್ನು ಟಂಕಿಸಿದರು. ಅದರ ನಿಜವಾದ ಬೆಲೆ ಹಳೆಯ ನಾಣ್ಯದ ಐದಾರು ಪಟ್ಟು ಮಾತ್ರವಾಗಿದ್ದುದರಿಂದ ಧಾರಣೆಗಳು ಏರಿ ಬಡವರು ಕಂಗೆಟ್ಟರು.

ಕಟ್ಟಡವಂತೂ ಶಾಸ್ತ್ರಬದ್ಧವಾದುದು. ಜೊಂಗ್ ಹಾಕ್‌ಸುನ್ ಎಂಬವನು 1865ರಲ್ಲಿ ಬರೆದ ಗ್ರಂಥದಲ್ಲಿ ಇದರ ಸಂಖ್ಯೆಗಳನ್ನೆಲ್ಲ ಚೀಣೀಯರ ‘ಪರಿವರ್ತನ’ಶಾಸ್ತ್ರದಿಂದ ವಿವರಿಸಿದ್ದಾನೆ. ಮುಂಭಾಗಕ್ಕೆ 7, ಪಕ್ಕಕ್ಕೆ 5, ಒಟ್ಟು 35 ಅಂಕಣ. ನಡುವಣ ಮೂರು ಅಂಕಣಗಳು ಆಕಾಶ, ಭೂಮಿ, ಮನುಷ್ಯ. ಅವುಗಳ 8 ಕಂಬಗಳು ಆ ಶಾಸ್ತ್ರದ ಅಷ್ಟಚಿಹ್ನೆಗಳು. ಸುತ್ತಣ ಹನ್ನೆರಡು ಅಂಕಣಗಳು ಮಾಸಗಳು. ಅಲ್ಲಿಯ 64 ಬಾಗಿಲುಗಳು ಅರುವತ್ತುನಾಲ್ಕು ಸಂಯುಕ್ತಚಿಹ್ನೆಗಳು. ಹೊರಗಿನ 24 ಕಂಬಗಳು ವರ್ಷದ ಇಪ್ಪತ್ತುನಾಲ್ಕು ಋತುಸಂಧಿಗಳು. ಕೆಳಗಿನ ಕಂಬಗಳಲ್ಲಿ ಹೊರಗಿನವು ಚೌಕ, ಒಳಗಿನವು ದುಂಡು. ಬೆಂಕಿಯನ್ನು ತಡೆಯಲೆಂದು ಕಂಚಿನ ನಾಗಗಳೆರಡನ್ನು ಕೊಳದಲ್ಲಿ ಮುಳುಗಿಸಿದರು. 1997ರಲ್ಲಿ ಕೊಳದ ಹೂಳೆತ್ತುವಾಗ ಅವುಗಳಲ್ಲೊಂದು ದೊರೆಯಿತು.

ಹೊಸ ಹಲಗೆಯನ್ನು ಬರೆದವನು ಶಿನ್ ಹೊನ್ ಎಂಬ ವಿದ್ವಾಂಸನಾದ ಸೇನಾನಿ. 1876ರಲ್ಲಿ ಯುದ್ಧನೌಕೆಗಳೊಡನೆ ಬಂದ ಜಪಾನಿನ ಕುರೋಡಾ ಕಿಯೋತಾಕಾ ಎಂಬವನಿಗೆ ಎದುರಾಗಿ ಗಾಂಗ್‌ಹ್ವಾ ದ್ವೀಪದಲ್ಲಿ ಕುಳಿತು, ಕೊರಿಯಾದ ಪರವಾಗಿ ಅಸಮಾನವಾದ ಒಪ್ಪಂದಕ್ಕೆ ರುಜು ಹಾಕಬೇಕಾಗಿ ಬಂದವನೂ ಅವನೇ. ಅದೂ ಒಂದು ಸಮಾಗಮ! 1910ರಲ್ಲಿ ರಾಜ್ಯವೇ ಜಪಾನಿನ ವಶವಾಯಿತು. 1915ರ ಪ್ರದರ್ಶನಕ್ಕಾಗಿ ಅರಮನೆಯ ಅನೇಕ ಕಟ್ಟಡಗಳನ್ನು ಕೆಡವಿದರು; ಸಿಂಹಾಸನಶಾಲೆಯ ಮುಂದೆ ಎದ್ದು 1926ರಲ್ಲಿ ಮುಗಿದ ಜಪಾನೀ ಸರಕಾರದ ಸೌಧವನ್ನು 1995ರಿಂದ ಕಿತ್ತುಹಾಕಿದರು. ಈ ನಡುವೆ ಮಂಟಪವು ಕೆಡದೆ ನಿಂತಿತು. 1983ರ ಹತ್ತುಸಾವಿರ ವೊನ್ ನೋಟಿನ ಒಂದು ಮುಖದಲ್ಲಿ ಸೇಜೊಂಗನೂ ಇನ್ನೊಂದು ಮುಖದಲ್ಲಿ ಈ ಮಂಟಪವೂ ಅಚ್ಚಾಗಿದ್ದುವು.

ಉಪ್ಪರಿಗೆಗೆ ಎಲ್ಲರನ್ನೂ ಎಲ್ಲ ಕಾಲದಲ್ಲಿಯೂ ಬಿಡುವುದಿಲ್ಲ. ಮೊದಲೇ ಹೆಸರನ್ನು ಕೊಟ್ಟು, ಗೊತ್ತಾದ ಹೊತ್ತಿಗೆ, ಗುಂಪಿನೊಡನೆ ಹೋಗಬೇಕು. ಪೂರ್ವದಲ್ಲಿರುವ ಮೂರು ಕಲ್ಲುಸೇತುವೆಗಳಲ್ಲೊಂದನ್ನು ದಾಟಿ, ಪಾದರಕ್ಷೆಗಳನ್ನು ಕಳಚಿ, ಮರದ ಮೆಟ್ಟಿಲನ್ನು ಹತ್ತಿದೆವು. ಹಲಗೆಯ ನೆಲವು ಅಂಚಿನಿಂದ ನಡುವಿಗೆ ಎರಡು ಕಡೆ ಒಂದೊಂದು ಮೆಟ್ಟಿಲಿನಷ್ಟು ಏರುತ್ತದೆ. ಪದವಿ ಹೆಚ್ಚಿದಂತೆ ಒಳಕ್ಕೂ ಮೇಲಕ್ಕೂ ಆಸನ. ಬಾಗಿಲುಗಳನ್ನು ಎತ್ತಿ ಮಾಡಿಗೆ ಕೊಂಡಿ ಹಾಕಿದ್ದರು. ಪಶ್ಚಿಮಕ್ಕೆ ಇನ್‌ವಾಂಗ್ ಬೆಟ್ಟದ ಬೋಳು ಬಂಡೆ, ಅದರ ಕೆಳಗೆ ಕೊಳದ ಎರಡು ನಡುಗಡ್ಡೆಗಳ ದೇವದಾರುಗಳು. ನಮ್ಮ ಗುಂಪಿನವರೆಲ್ಲ ನಡುವಣ ಮೂರಂಕಣದ ಕಡೆಗೆ ಕಣ್ಣು ಹಾಯಿಸಿ, ದೊರೆ ಕುಳಿತುಕೊಳ್ಳುತ್ತಿದ್ದ ಜಾಗವನ್ನು ನೋಡುತ್ತಿದ್ದರು. ನನಗೆ ಪಾಕನು ಹಾರಲು ಹೋದ ಕಡೆ ಯಾವುದೆಂದು ತಿಳಿಯುವ ಆಸೆ. ಮಾರ್ಗದರ್ಶಕಳನ್ನು ಕೇಳಿದೆನು. ಆಕೆ ನಸುನಕ್ಕು, ಅದನ್ನು ಯಾರೂ ಗುರುತು ಹಾಕಿಲ್ಲವೆಂದಳು.

ಕೆಳಗಿಳಿದು ದಕ್ಷಿಣಕ್ಕೆ ಬಂದರೆ ಸುಜೊಂಗ್‌ಜೊನ್ ಎಂಬ ಉದ್ದನೆಯ ಶಾಲೆ. ಇದೂ 1867ರದೇ, ವಿದ್ವನ್ಮಂದಿರವಿದ್ದ ನಿವೇಶನದ ಮೇಲೆ ಕಟ್ಟಿದುದು. ಅಲ್ಲಿಯ ಜಗತಿಯಿಂದ ಕೊಳದ ದಂಡೆಗೆ ಎಷ್ಟು ಹೆಜ್ಜೆಗಳಾಗುವುವೆಂದು ಎಣಿಸುತ್ತ ಹೊರಟೆನು. ಅಷ್ಟರಲ್ಲಿ ಶಾಲೆಯ ಮಕ್ಕಳ ದೊಡ್ಡದೊಂದು ಸಾಲು ಅಡ್ಡವಾಗಿ ಬಂದು, ಲೆಕ್ಕ ತಪ್ಪಿಹೋಯಿತು.