ವಿಳಾಸ ಯಾರಿಗೆ ಸಿಕ್ತು, ಯಾರಿಗೆ ಸಿಗಲಿಲ್ಲ

ಗೆಳೆಯರೇ, ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ತಿಂಗಳು ನಮ್ಮ ಕೇರಿಯ ಹುಡುಗಿಯೊಬ್ಬಳು ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ಕೂತಿದ್ದಳು. ಅವತ್ತೇ ಕೊನೇ ದಿನ. ನಿಮ್ಮ ವಿಳಾಸದಿಂದ ವಿಪರೀತ ಮನವಿ ಬಂದಿವೆ, ತಡೆಹಿಡಿದಿದ್ದೇವೆ ಅಂತ ಪರದೆ ಮೇಲೆ ಬಂತು. ಅವಳು ಒತ್ತಿದ್ದು ಒಂದೇ ಸಲ. ನಮಗೆ ನೆಟ್ ಕೊಡೋ ಕೇಬಲ್ ಹುಡುಗನನ್ನು ಕೇಳಿದೆ. "ಅಣ್ಣಾ, ನನ್ನತ್ರ ಇರೋ ಐಪಿ ವಿಳಾಸ ಕಮ್ಮಿ. ಎಷ್ಟೋ ಮನೆಗೆ ಒಂದೇ ವಿಳಾಸ. ಒಬ್ರು ಎಡವಟ್ಟು ಮಾಡಿದ್ರೆ ಎಲ್ರಿಗೂ ಬೀಳುತ್ತೆ" ಅಂದ. ಒಬ್ಬನ ತಪ್ಪಿಗೆ ಇಡೀ ಕೇರಿಗೆ ಶಿಕ್ಷೆ. ನಮಗಿದು ಹೊಸದಲ್ಲ ಬಿಡಿ. ಆದರೆ ವಿಳಾಸಕ್ಕೂ ಬರ ಯಾಕೆ ಬಂತು ಅಂತ ಹುಡುಕಿಕೊಂಡು ಹೋದೆ.

ಇವತ್ತಿಗೂ ಬಳಕೆಯಲ್ಲಿರುವ ಹಳೇ ಪದ್ಧತಿಯ ಹೆಸರು ಐಪಿವಿ4. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಇದಕ್ಕೆ ಬದಲಾಯಿತು. ಇದರಲ್ಲಿರುವುದು ಸುಮಾರು 429 ಕೋಟಿ ವಿಳಾಸ ಅಷ್ಟೇ. ಆಗ ಜಾಲದಲ್ಲಿದ್ದದ್ದು ಕೆಲವು ನೂರು ಕಂಪ್ಯೂಟರ್, ಹಾಗಾಗಿ ಮೊದಲು ಬಂದವರಿಗೆ ಕೈಬಿಚ್ಚಿ ಹಂಚಿದರು. ಎಂಐಟಿ ಎಂಬ ಒಂದೇ ವಿಶ್ವವಿದ್ಯಾಲಯಕ್ಕೆ 1 ಕೋಟಿ 67 ಲಕ್ಷ ವಿಳಾಸ. ಕಾರು ಮಾಡುವ ಫೋರ್ಡ್ ಕಂಪನಿಗೂ ಅಷ್ಟೇ. ತನ್ನ ಪಾಲಿನಲ್ಲಿ 1 ಕೋಟಿ 40 ಲಕ್ಷ ಬಳಕೆಯೇ ಆಗಿಲ್ಲ ಅಂತ ಎಂಐಟಿ 2017ರಲ್ಲಿ ತಾನೇ ಒಪ್ಪಿಕೊಂಡು, ಒಂದಷ್ಟನ್ನು ಮಾರಾಟಕ್ಕಿಟ್ಟಿತು.

ಭಾರತದಲ್ಲಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ಕ್ಕೆ. ಖಾಸಗಿಯವರಿಗೆ ಬಾಗಿಲು ತೆರೆದದ್ದು 1998ರಲ್ಲಿ. 2011ರ ಫೆಬ್ರವರಿ 3ರಂದು ಜಗತ್ತಿನ ಕೇಂದ್ರ ಕಣಜ ಖಾಲಿಯಾಯಿತು. ಅದೇ ಏಪ್ರಿಲ್‌ನಿಂದ ನಮ್ಮ ಏಷ್ಯಾ-ಪೆಸಿಫಿಕ್ ಭಾಗದಲ್ಲಿ ಹೊಸಬರಿಗೆ ಹೆಚ್ಚೆಂದರೆ 1024 ವಿಳಾಸ. 2019ರಲ್ಲಿ ಅದೂ 512ಕ್ಕೆ ಇಳಿಯಿತು. ತಡವಾಗಿ ಬಂದ ಕೇಬಲ್ ಹುಡುಗನಿಗೆ ಉಳಿದಿದ್ದು ಇಷ್ಟೇ. ಇದನ್ನು ಯಾರೂ ಜಾತಿ ನೋಡಿ ಹಂಚಲಿಲ್ಲ, ನಿಜ. ಆದರೆ ಭೂಮಿ ಮೊದಲೇ ಹಂಚಿಹೋದ ಊರಲ್ಲಿ ಹುಟ್ಟಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಮದ್ದು ಇರಲಿಲ್ವಾ? ಇತ್ತು. ಹೊಸ ಪದ್ಧತಿ ಐಪಿವಿ6ರ ಮೊದಲ ನಿಯಮಾವಳಿ ಬಂದದ್ದು 1995ರಲ್ಲೇ. ಇದರಲ್ಲಿ ಚಿಕ್ಕ ಸೇವಾದಾರನಿಗೆ ಸಿಗುವ ಮಾಮೂಲಿ ಪಾಲನ್ನೇ ನೋಡಿ: ಅದರೊಳಗೆ 429 ಕೋಟಿ ಜಾಲಗಳನ್ನು ಕಟ್ಟಬಹುದು. ಹಳೇ ಪದ್ಧತಿಯಲ್ಲಿ ಇಡೀ ಜಗತ್ತಿಗೆ ಇದ್ದ ವಿಳಾಸಗಳಷ್ಟು!

ಮತ್ತೆ ಯಾಕೆ ತಡ? 1983ರ ಹಾಗೆ ಎಲ್ಲರೂ ಬದಲಾಗಲೇಬೇಕಾದ ಒಂದು ದಿನ ಈ ಸಲ ಇರಲಿಲ್ಲ. ಯಾವಾಗ ಅನ್ನೋದನ್ನು ಅವರವರಿಗೇ ಬಿಟ್ಟರು. ಹಳೆಯದೂ ಹೊಸದೂ ನೇರವಾಗಿ ಮಾತಾಡಲ್ಲ, ಎರಡನ್ನೂ ಜೊತೆಗೇ ನಡೆಸಬೇಕು. ನಮ್ಮ ಸರ್ಕಾರ 2010ರಲ್ಲಿ ಮಾರ್ಗಸೂಚಿ ತಂದಿತು, 2013ರಲ್ಲಿ ಎರಡನೆಯದು. ಗಡುವುಗಳು ಮುಂದಕ್ಕೆ ಹೋದವು. 2016ರಲ್ಲಿ ಬಂದ ಜಿಯೋ ಹೊಸ ವಿಳಾಸದ ಮೇಲೇ ಜಾಲ ಕಟ್ಟಿತು. ದೊಡ್ಡ ಬಂಡವಾಳ, ಹಳೇ ಮೋಡೆಮ್‌ಗಳ ಹೊರೆ ಇಲ್ಲ. ಚಿಕ್ಕವರ ಪಾಡು ಬೇರೆ. "ಮನೆಮನೆಯ ಮೋಡೆಮ್ ಬದಲಿಸೋ ದುಡ್ಡು ಯಾರು ಕೊಡ್ತಾರಣ್ಣ? ಯಾವ ಗಿರಾಕಿನೂ ಐಪಿವಿ6 ಕೊಡು ಅಂತ ಕೇಳಲ್ಲ" ಅಂದ ಹುಡುಗ. ಅವನ ಮಾತು ಸುಳ್ಳಲ್ಲ. ಆದರೆ ಕಾಯುವುದಕ್ಕೂ ಖರ್ಚಿದೆ. ವಿಳಾಸ ಹಂಚುವ ಯಂತ್ರ, ಯಾರು ಯಾವಾಗ ಬಳಸಿದರು ಅನ್ನೋ ದಾಖಲೆ, ಬಾಡಿಗೆ ವಿಳಾಸ. ಇದೆಲ್ಲ ಗಿರಾಕಿ ಹೆಚ್ಚಿದಷ್ಟೂ ಬೆಳೆಯುತ್ತೆ.

ಮಹಾಡ್‌ನ ಚವದಾರ್ ಕೆರೆ ನೆನಪಾಗುತ್ತೆ. ಪುರಸಭೆ 1924ರಲ್ಲೇ ಅದನ್ನು ಎಲ್ಲರಿಗೂ ತೆರೆದಿದ್ದೇವೆ ಅಂತ ನಿರ್ಣಯ ಮಾಡಿತ್ತು. ನೀರು ಮಾತ್ರ ಸಿಕ್ಕಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಂದಿಗೆ ನಡೆದು ಹೋಗಿ ಬೊಗಸೆ ತುಂಬಿದರು. ಎರಡನ್ನೂ ಸಮ ಮಾಡ್ತಿಲ್ಲ ನಾನು. ಅಲ್ಲಿ ಅಡ್ಡ ನಿಂತದ್ದು ಜಾತಿ, ಇಲ್ಲಿ ಖರ್ಚು ಮತ್ತು ಉದಾಸೀನ. ಆದರೆ ಕಾಗದದ ಮೇಲೆ ತೆರೆದ ಕೆರೆ ತಾನಾಗಿ ಯಾರ ದಾಹವನ್ನೂ ತೀರಿಸಲ್ಲ.

ಅದಕ್ಕೇ ಹುಡುಗನಿಗೆ ಹೇಳಿದೆ: ಹಳೇ ಮೋಡೆಮ್ ಇರಲಿ, ಇನ್ಮುಂದೆ ತರೋದು ಮಾತ್ರ ಹೊಸದಕ್ಕೆ ಒಗ್ಗುವಂಥದ್ದೇ ಆಗಿರಲಿ. ಮೊದಲು ನಮ್ಮ ಕೇರಿಯಿಂದ ಶುರು ಮಾಡು. ನೀವೂ ನಿಮ್ಮ ನೆಟ್‌ನವರನ್ನು ಕೇಳಿ. ಯಾರೂ ಕೇಳಲ್ಲ ಅನ್ನೋ ನೆಪ ಇರಬಾರದು.

ಆ ಹುಡುಗಿ ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯವರ ಮೊಬೈಲ್ ಡೇಟಾದಲ್ಲಿ ಅರ್ಜಿ ಹಾಕಿದಳು.

ಜೈ ಭೀಮ್.